ಕಾನೂನು ಶಾಲೆಯ ಬಾಗಿಲಿನ ಭಾಷೆ: ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟಕ್ಕೆ ಒಂದು ಬಹಿರಂಗ ಪತ್ರ

ಒಕ್ಕೂಟದ ಅಧ್ಯಕ್ಷರಿಗೂ ಆಡಳಿತ ಮಂಡಳಿಯ ಸದಸ್ಯರಿಗೂ ನಮಸ್ಕಾರಗಳು.

ಮಾನ್ಯರೇ,

ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಸೇರಲು ತಾವು ನಡೆಸುವ ಪ್ರವೇಶ ಪರೀಕ್ಷೆ ಕ್ಲ್ಯಾಟ್ ಕನ್ನಡದಲ್ಲೂ ಇರಲಿ, ಅದರ ಶುಲ್ಕ ಬಡವರ ಕೈಗೆಟುಕುವಂತಿರಲಿ ಎಂದು ಕೇಳಲು ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಮ್ಮಲ್ಲಿ ಹಲವರು ಇದನ್ನು ಬೇರೆಯವರಿಂದ ಓದಿಸಿ ಅರ್ಥ ಮಾಡಿಕೊಳ್ಳಬೇಕಾಗಬಹುದು ಎಂಬುದನ್ನು ಬಲ್ಲೆ. ತಮಗೆ ತೊಂದರೆ ಕೊಡುವುದು ನನ್ನ ಉದ್ದೇಶವೇ ಅಲ್ಲ ಎಂದರೆ ಅದು ಪೂರ್ತಿ ನಿಜವಾಗುವುದಿಲ್ಲ. ತಮ್ಮ ಕಚೇರಿ ಇರುವುದು ಬೆಂಗಳೂರಿನ ನಾಗರಬಾವಿಯಲ್ಲಿ. ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ಯಾರ ಕೈಗೆ ಕೊಟ್ಟರೂ ಓದಿ ಹೇಳುತ್ತಾರೆ.

ನಾನು ಮದ್ದೂರು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಬೆಂಗಳೂರಿನಲ್ಲಿ ಹಗಲು ಕೆಲಸ ಮಾಡಿಕೊಂಡು ಸಂಜೆ ಕಾಲೇಜಿನಲ್ಲಿ ಕಾನೂನು ಕಲಿತು, ಇಪ್ಪತ್ತೆಂಟು ವರ್ಷಗಳಿಂದ ವಕೀಲಿ ಮಾಡುತ್ತಿರುವವನು. ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರು ಕಾರ್ಮಿಕರು, ಅವರಲ್ಲೂ ಹೆಚ್ಚಿನವರು ಮೈಸೂರು ರಸ್ತೆ, ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು. ಪತ್ರಕ್ಕೆ ಕಾರಣವಾದದ್ದು ಅಂಥ ಒಬ್ಬ ಕಕ್ಷಿದಾರಳ ಮಗಳು. ಆದರೆ ಮಗಳ ಮಾತಿಗೆ ಮೊದಲು ತಾಯಿಯ ಪ್ರಕರಣವನ್ನು ಹೇಳಬೇಕಾಗಿದೆ, ಏಕೆಂದರೆ ಎರಡೂ ಒಂದೇ ದಾರದಲ್ಲಿ ಹೊಲಿದ ಸಂಗತಿಗಳು.

2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಕನಿಷ್ಠ ವೇತನದ ಭಾಗವಾಗಿ ತುಟ್ಟಿಭತ್ಯೆಯ ಏರಿಕೆ ಸಿಗಬೇಕಾಗಿತ್ತು. ಮೊತ್ತ ತಿಂಗಳಿಗೆ 417 ರೂಪಾಯಿ 60 ಪೈಸೆ. ಕೋವಿಡ್ ಕಾಲಿಟ್ಟ ಆ ಹೊತ್ತಿನಲ್ಲಿ ಅದನ್ನು ಮುಂದೂಡಲು ಸರ್ಕಾರ ಆದೇಶ ಹೊರಡಿಸಿತು. ಪ್ರಕರಣ ಹೈಕೋರ್ಟಿಗೆ ಹೋಯಿತು, ಬಾಕಿಯೊಂದಿಗೆ ಕೊಡಬೇಕೆಂದು 2020ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಹೇಳಿತು. ಆಮೇಲೂ ಬಹುಪಾಲು ಕಾರ್ಖಾನೆಗಳು ಕೊಡಲಿಲ್ಲ. ಸುಮಾರು ನಾಲ್ಕು ಲಕ್ಷ ಕಾರ್ಮಿಕರಿಗೆ ಸೇರಬೇಕಾದ ಹಣ ಅದು. ಕೊನೆಗೆ ಅದು ಕೈಗೆ ಬರಲಾರಂಭಿಸಿದ್ದು 2022ರ ಆರಂಭದಲ್ಲಿ; ಅದೂ ಈ ಬಟ್ಟೆಗಳನ್ನು ಕೊಳ್ಳುವ ಪರದೇಶದ ಬ್ರ್ಯಾಂಡ್‌ಗಳ ಮೇಲೆ ಅಲ್ಲಿನ ಕಾರ್ಮಿಕ ಹಕ್ಕುಗಳ ಸಂಸ್ಥೆಗಳು ಒತ್ತಡ ತಂದ ಮೇಲೆ. ನಮ್ಮ ಹೈಕೋರ್ಟಿನ ಮಾತಿಗೆ ಬಗ್ಗದ ಕಾರ್ಖಾನೆ ಸಾಗರದಾಚೆಯ ಗಿರಾಕಿಯ ಕಣ್ಸನ್ನೆಗೆ ಬಗ್ಗಿತು ಎಂಬುದನ್ನು ಒಬ್ಬ ವಕೀಲನಾಗಿ ನಾನು ಸುಲಭದಲ್ಲಿ ಮರೆಯಲಾರೆ.

ಆ ದಿನಗಳಲ್ಲಿ ನನ್ನ ಕಕ್ಷಿದಾರಳು ತನ್ನ ಬ್ಯಾಚಿನ ಏಳೆಂಟು ಹೆಂಗಸರೊಂದಿಗೆ ಭಾನುವಾರ ನನ್ನ ಮನೆಯ ಜಗುಲಿಗೆ ಬರುತ್ತಿದ್ದಳು. ಒಂಬತ್ತನೆಯ ತರಗತಿಯಲ್ಲಿದ್ದ ಮಗಳು ಜೊತೆಗಿರುತ್ತಿದ್ದಳು. ಕಾರ್ಖಾನೆಯ ಪರವಾಗಿ ಬಂದಿದ್ದ ಇಂಗ್ಲಿಷ್ ಉತ್ತರವನ್ನು ನಾನು ಒಂದೊಂದೇ ಸಾಲಾಗಿ ಕನ್ನಡದಲ್ಲಿ ಹೇಳುವಾಗ, ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು; ಹುಡುಗಿ ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಒಂದು ದಿನ ಅವಳು ಕೇಳಿದಳು: “ಸಾರ್, ಸರ್ಕಾರ ಮುಂದಕ್ಕೆ ಹಾಕಿದ್ದು ತಪ್ಪು ಅಂತ ಕೋರ್ಟು ಹೇಳಿದ ಮೇಲೆ ಅದು ಮೊದಲನೇ ದಿನದಿಂದಲೇ ತಪ್ಪು ಅಲ್ವಾ? ಹಂಗಾದ್ರೆ ಬಡ್ಡಿ ಯಾಕೆ ಕೇಳ್ತಿಲ್ಲ ನೀವು?” ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಯಾವ ಪಾಠವನ್ನೂ ಓದದೆ ಆ ಪ್ರಶ್ನೆಗೆ ಬಂದು ನಿಂತವಳು ವಕೀಲಳಾಗಬೇಕಾದವಳು ಎಂದು ನನಗೆ ಅಂದೇ ಅನ್ನಿಸಿತ್ತು.

ಅವಳು ಮುಂದೆ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕಲಾ ವಿಭಾಗ ಸೇರಿದಳು, ಮಾಧ್ಯಮ ಕನ್ನಡ. ಎರಡನೇ ಪಿಯುಸಿಯಲ್ಲಿದ್ದಾಗ, ದೊಡ್ಡ ಕಾನೂನು ಶಾಲೆ ಸೇರಲು ಏನು ಮಾಡಬೇಕೆಂದು ಕೇಳಿದಳು. ತಾವು ನಡೆಸುವ ಕ್ಲ್ಯಾಟ್ ಪರೀಕ್ಷೆಯ ವಿವರವನ್ನೂ ಹಳೆಯ ಪ್ರಶ್ನೆಪತ್ರಿಕೆಯನ್ನೂ ತೋರಿಸಿದೆ. ಎರಡು ಗಂಟೆ, 120 ಪ್ರಶ್ನೆ, ಪ್ರತಿ ವಿಭಾಗದಲ್ಲೂ ಪುಟದುದ್ದದ ಇಂಗ್ಲಿಷ್ ಗದ್ಯಭಾಗಗಳು, ತಪ್ಪಿದರೆ ಕಾಲು ಅಂಕ ಕಡಿತ. ಅರ್ಜಿ ಶುಲ್ಕ 4,000 ರೂಪಾಯಿ. ಅವಳು ಹಾಳೆಗಳನ್ನು ಒಂದು ಸಲ ಪೂರ್ತಿ ತಿರುವಿ ಹಾಕಿ ಕೇಳಿದ್ದು ಒಂದೇ ಪ್ರಶ್ನೆ: “ಇದು ಕನ್ನಡದಲ್ಲಿ ಇರಲ್ವಾ ಸಾರ್?”

ಇರುವುದಿಲ್ಲ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಎಂಜಿನಿಯರಿಂಗ್‌ನ ಜೆಇಇ ಮುಖ್ಯ ಪರೀಕ್ಷೆಯನ್ನೂ ಬರೆಯಬಹುದು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯೂ ಹದಿಮೂರು ಭಾಷೆಗಳಲ್ಲಿ ನಡೆಯುತ್ತದೆ. ಅಷ್ಟೇ ಅಲ್ಲ, ಕಾನೂನು ಪದವಿ ಮುಗಿಸಿದವರು ವೃತ್ತಿಗೆ ಇಳಿಯಲು ಬರೆಯಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಗೂ ಕನ್ನಡದ ಪ್ರಶ್ನೆಪತ್ರಿಕೆಯಿದೆ. ಅಂದರೆ ಕನ್ನಡದಲ್ಲಿ ಯೋಚಿಸುವವರು ವಕೀಲರಾಗಿ ಹೊರಬರಲು ಯೋಗ್ಯರು, ಆದರೆ ದೇಶದ ಅತ್ಯುತ್ತಮವೆನಿಸಿದ ಕಾನೂನು ಶಾಲೆಗಳ ಒಳಹೋಗಲು ಯೋಗ್ಯರಲ್ಲ. ಇದಕ್ಕೆ ತರ್ಕವೇನೆಂದು ಕ್ಲ್ಯಾಟ್‌ನ ತಾರ್ಕಿಕ ಸಾಮರ್ಥ್ಯ ವಿಭಾಗದಲ್ಲೇ ಕೇಳಬಹುದಾಗಿತ್ತು.

ಪಾಠಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುವಾಗ ಪ್ರವೇಶ ಪರೀಕ್ಷೆ ಬೇರೆ ಭಾಷೆಯಲ್ಲಿ ಏಕೆ ಎಂಬುದು ಎಲ್ಲರೂ ಹೇಳುವ ಸಮರ್ಥನೆ. ನೀಟ್ ಅನ್ನು ಕನ್ನಡದಲ್ಲಿ ಬರೆದ ಹುಡುಗನೂ ಅಂಗರಚನಾಶಾಸ್ತ್ರವನ್ನು ಇಂಗ್ಲಿಷಿನಲ್ಲೇ ಓದುತ್ತಾನೆ. ಅವನಿಗೆ ಕಲಿಯಲು ಅವಕಾಶವಿದೆ ಎಂದು ನಂಬಿದವರು ಇವಳಿಗೆ ಇಲ್ಲವೆಂದು ಹೇಗೆ ತೀರ್ಮಾನಿಸಿದರು? ನಾನು ಇಂಗ್ಲಿಷ್ ಕಲಿತದ್ದು ಇಪ್ಪತ್ತೆರಡನೆಯ ವಯಸ್ಸಿಗೆ, ಹಳೆಯ ತೀರ್ಪುಗಳನ್ನು ನಿಘಂಟು ಇಟ್ಟುಕೊಂಡು ಓದುತ್ತ. ಈಗ ಹೈಕೋರ್ಟಿನಲ್ಲಿ ಅದೇ ಭಾಷೆಯಲ್ಲಿ ವಾದಿಸುತ್ತೇನೆ. ನನ್ನ ಉಚ್ಚಾರಣೆಗೆ ಕಿರಿಯ ವಕೀಲರು ಒಮ್ಮೊಮ್ಮೆ ನಗುತ್ತಾರೆ, ನ್ಯಾಯಮೂರ್ತಿಗಳು ಈವರೆಗೆ ನಕ್ಕಿಲ್ಲ. ಐದು ವರ್ಷದ ಕೋರ್ಸಿನಲ್ಲಿ ಇಂಗ್ಲಿಷನ್ನು ಕಲಿಸಿಕೊಡಬಹುದು. ಬಡ್ಡಿಯ ಪ್ರಶ್ನೆ ಕೇಳುವ ಬುದ್ಧಿಯನ್ನು ಕಲಿಸಿಕೊಡುವುದು ಅಷ್ಟು ಸುಲಭವಲ್ಲ. ತಮ್ಮ ಪರೀಕ್ಷೆ ಅಳೆಯಬೇಕಾದದ್ದು ಎರಡನೆಯದನ್ನು, ಆದರೆ ಅದು ಮೊದಲನೆಯದನ್ನು ಅಳೆದು ಮುಗಿಸುತ್ತಿದೆ. ಇಂಗ್ಲಿಷಿನ ತಿಳಿವಳಿಕೆ ಎಷ್ಟಿದೆಯೆಂದು ನೋಡಲು ಒಂದು ವಿಭಾಗ ಆಗಲೇ ಇದೆ. ಅದು ಹಾಗೆಯೇ ಇರಲಿ. ಕಾನೂನಿನ ವಿವೇಚನೆ, ತರ್ಕ, ಲೆಕ್ಕ, ಪ್ರಚಲಿತ ವಿದ್ಯಮಾನ ಇವು ಯಾವ ಭಾಷೆಯ ಸೊತ್ತೂ ಅಲ್ಲ.

ಇನ್ನು ಕೋರ್ಟಿನ ವಿಷಯ. ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟು, ಹೈಕೋರ್ಟುಗಳ ಭಾಷೆ ಇಂಗ್ಲಿಷ್ ಎಂಬುದು ನಿಜ. ಆದರೆ ನಮ್ಮ ಜನ ಹತ್ತುವ ಮೆಟ್ಟಿಲು ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳವು. ಅಲ್ಲಿ ಪೊಲೀಸರ ದೋಷಾರೋಪಪಟ್ಟಿ ಕನ್ನಡದಲ್ಲಿರುತ್ತದೆ, ಮಹಜರು ಕನ್ನಡದಲ್ಲಿರುತ್ತದೆ, ಸಾಕ್ಷಿ ಮಾತಾಡುವುದು ಕನ್ನಡದಲ್ಲಿ, ಪಾಟೀಸವಾಲಿನಲ್ಲಿ ಸಾಕ್ಷಿ ತಡವರಿಸಿದ ಜಾಗ ಯಾವುದೆಂದು ಹಿಡಿಯಬೇಕಾದ ವಕೀಲನಿಗೆ ಮಂಡ್ಯದ ಕನ್ನಡಕ್ಕೂ ಕಲಬುರಗಿಯ ಕನ್ನಡಕ್ಕೂ ಇರುವ ವ್ಯತ್ಯಾಸ ಗೊತ್ತಿರಬೇಕಾಗುತ್ತದೆ. ಅತ್ಯುತ್ತಮ ತರಬೇತಿ ಪಡೆದವರು ಈ ಮೆಟ್ಟಿಲಿಗೆ ಬರುವುದು ಅಪರೂಪ. ಈ ಮೆಟ್ಟಿಲಿನಿಂದ ಎದ್ದು ಬಂದವರಿಗೆ ಅತ್ಯುತ್ತಮ ತರಬೇತಿ ಸಿಗುವುದೂ ಅಪರೂಪ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿದ್ದು ಕರ್ನಾಟಕದ ಶಾಸನಸಭೆ 1986ರಲ್ಲಿ ಮಾಡಿದ ಕಾಯ್ದೆಯಿಂದ. ಅದರ ಸ್ಥಾಪಕ ನಿರ್ದೇಶಕರಾದ ಎನ್.ಆರ್. ಮಾಧವ ಮೆನನ್ ಅವರು ಕಾನೂನು ಶಿಕ್ಷಣವನ್ನು ಸಮಾಜದ ಅಗತ್ಯಕ್ಕೆ ಜೋಡಿಸಬೇಕು ಎಂಬ ಮಾತನ್ನು ಕೊನೆಯವರೆಗೂ ಬಿಡಲಿಲ್ಲ. ಅಲ್ಲಿ ಓದಿದವರಲ್ಲಿ ಬಡವರ ಪರವಾಗಿ ಬದುಕು ತೇಯ್ದವರಿದ್ದಾರೆ, ಅವರಲ್ಲಿ ಕೆಲವರ ಜೊತೆ ಕೆಲಸ ಮಾಡಿದ್ದೇನೆ, ಅವರಿಂದ ಕಲಿತಿದ್ದೇನೆ. ಆದರೂ ಪದವಿ ಮುಗಿಯುವ ಮುನ್ನವೇ ಕ್ಯಾಂಪಸ್ಸಿಗೆ ಬಂದು ಆರಿಸಿಕೊಂಡು ಹೋಗುವವರು ಯಾರೆಂಬುದು ಗುಟ್ಟಿನ ವಿಷಯವಲ್ಲ: ಮುಂಬೈ, ದೆಹಲಿ, ಬೆಂಗಳೂರಿನ ದೊಡ್ಡ ಕಾರ್ಪೊರೇಟ್ ಕಾನೂನು ಸಂಸ್ಥೆಗಳು. ಹೋದ ಹುಡುಗರನ್ನು ನಾನು ದೂರುತ್ತಿಲ್ಲ. ಈ ಶಾಲೆಯ ಐದು ವರ್ಷದ ಕೋರ್ಸಿಗೆ ವರ್ಷವೊಂದಕ್ಕೆ ಮೂರು ಲಕ್ಷ ರೂಪಾಯಿಗೂ ಮೀರಿದ ಶುಲ್ಕವಿದೆ. ಬ್ಯಾಂಕ್ ಸಾಲ ಮಾಡಿ ಓದಿದವನು ಕಂತು ಕಟ್ಟಬಲ್ಲ ಸಂಬಳದ ಕಡೆಗೇ ಹೋಗುತ್ತಾನೆ. ಗಾರ್ಮೆಂಟ್ಸ್ ಹೆಂಗಸು ಕೊಡುವ ಐನೂರು ರೂಪಾಯಿ ಫೀಸಿನಲ್ಲಿ ಅವನ ಕಂತಿನ ಬಡ್ಡಿಯೂ ಹುಟ್ಟುವುದಿಲ್ಲ. ಹೀಗೆ ಶುಲ್ಕವೊಂದೇ ಸದ್ದಿಲ್ಲದೆ ತೀರ್ಮಾನಿಸಿಬಿಡುತ್ತದೆ, ನುರಿತ ವಕೀಲ ಯಾವ ಪಕ್ಷದ ಮೇಜಿನ ಹಿಂದೆ ಕೂರುತ್ತಾನೆ ಎಂಬುದನ್ನು.

ಈ ಅಸಮಾನತೆಯನ್ನು ನಮ್ಮ ಕಾನೂನು ಒಂದು ಕಾಲಕ್ಕೆ ಚೆನ್ನಾಗಿಯೇ ಗುರುತಿಸಿತ್ತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 36ನೇ ಕಲಮಿನ ಪ್ರಕಾರ, ಸಂಧಾನಾಧಿಕಾರಿಯ ಮುಂದೆ ಯಾವ ಪಕ್ಷದ ಪರವಾಗಿಯೂ ವಕೀಲರು ಬರುವಂತಿರಲಿಲ್ಲ. ಕಾರ್ಮಿಕ ನ್ಯಾಯಾಲಯದಲ್ಲಿ ಬರಬೇಕಾದರೆ ಎದುರು ಪಕ್ಷದ ಒಪ್ಪಿಗೆಯೂ ನ್ಯಾಯಾಲಯದ ಅನುಮತಿಯೂ ಬೇಕಿತ್ತು. ಒಬ್ಬ ಕಾರ್ಮಿಕನ ಎದುರು ಮಾಲೀಕ ದೊಡ್ಡ ವಕೀಲನನ್ನು ತಂದು ನಿಲ್ಲಿಸಿದರೆ ಅದು ಸಮನಾದ ಜಗಳವಲ್ಲ ಎಂಬ ವಿವೇಕ ಆ ಕಲಮಿನಲ್ಲಿತ್ತು. ಆದರೆ 1976ರಲ್ಲಿ ಪಾರಾದೀಪ್ ಪೋರ್ಟ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಕೀಲರೊಬ್ಬರು ಮಾಲೀಕರ ಸಂಘದ ಪದಾಧಿಕಾರಿಯಾಗಿದ್ದರೆ ಆ ನೆಲೆಯಲ್ಲಿ ಹಾಜರಾಗಲು ಈ ನಿರ್ಬಂಧ ಅಡ್ಡಿಯಲ್ಲ ಎಂದಿತು. ಕಾರ್ಮಿಕ ಸಂಘದ ಪದಾಧಿಕಾರಿಯಾದ ವಕೀಲನಿಗೂ ಅದೇ ಸೌಲಭ್ಯವಿದೆ ಎಂಬುದು ಕಾಗದದ ಮೇಲೆ ಸರಿಯೇ. ಆದರೆ ಹಾಗೆ ನಿಲ್ಲಬಲ್ಲ ವಕೀಲರು ಕಾರ್ಮಿಕ ಸಂಘಗಳಿಗೆ ಎಷ್ಟು ಮಂದಿ ಸಿಗುತ್ತಾರೆ? ಈಗಂತೂ ಆ ಕಾಯ್ದೆಯೂ ಸೇರಿದಂತೆ ಹಳೆಯ ಕಾರ್ಮಿಕ ಕಾನೂನುಗಳ ಜಾಗದಲ್ಲಿ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವಜಾಗೊಂಡ ಕಾರ್ಮಿಕ ನೇರವಾಗಿ ದೂರು ಕೊಡಲು ಇದ್ದ ಮೂರು ವರ್ಷದ ಅವಧಿ ಎರಡಕ್ಕೆ ಇಳಿದಿದೆ. ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮ ನೂರು ಕಾರ್ಮಿಕರ ಬದಲು ಮುನ್ನೂರು ಕಾರ್ಮಿಕರಿರುವ ಕಡೆಗೆ ಮಾತ್ರ ಅನ್ವಯಿಸುತ್ತದೆ. ಕಾನೂನು ಹೊಸದಾದಾಗಲೆಲ್ಲ ಅದನ್ನು ಮೊದಲು ಓದಿ ಅರ್ಥ ಮಾಡಿಕೊಂಡವರ ಕೈ ಮೇಲಾಗುತ್ತದೆ, ಮತ್ತು ಮೊದಲು ಓದುವವರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಶಕ್ತಿ ಯಾರಿಗಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಉಚಿತ ಕಾನೂನು ನೆರವು ಇದೆಯಲ್ಲ ಎಂದು ತಾವು ಕೇಳಬಹುದು. ಇದೆ; ಸಂವಿಧಾನದ 39ಎ ವಿಧಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, ಅದರಡಿ ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಆದಾಯದ ಮಿತಿಯಿಲ್ಲದೆ ವಕೀಲರು ಸಿಗುತ್ತಾರೆ. ನಾನೂ ಆ ಪಟ್ಟಿಯಲ್ಲಿದ್ದವನು. ಕಾನೂನು ನೆರವು ಎಂದರೆ ಬಡವರಿಗೆ ಬೇರೆಯವರ ವಕೀಲನನ್ನು ಸ್ವಲ್ಪ ಹೊತ್ತು ಎರವಲು ಕೊಡುವುದು. ನಾನು ಕೇಳುತ್ತಿರುವುದು ಬಡವರ ಮನೆಯಲ್ಲೇ ವಕೀಲರು ಹುಟ್ಟುವ ವ್ಯವಸ್ಥೆಯನ್ನು.

ಶುಲ್ಕದ ವಿಷಯಕ್ಕೆ ಮತ್ತೆ ಬರುತ್ತೇನೆ. ಸುಪ್ರೀಂ ಕೋರ್ಟು 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ, ರಾಜ್ಯ ವಕೀಲರ ಪರಿಷತ್ತುಗಳು ನೋಂದಣಿಗೆ ಸಾವಿರಗಟ್ಟಲೆ ವಸೂಲಿ ಮಾಡುತ್ತಿದ್ದುದನ್ನು ತಡೆದು, ಕಾಯ್ದೆಯಲ್ಲಿರುವಂತೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮಾತ್ರ ಎಂದು ತೀರ್ಪಿತ್ತಿತು. ಹೆಚ್ಚಿನ ಶುಲ್ಕ ಹಿಂದುಳಿದ ವರ್ಗಗಳ ಯುವಕರನ್ನು ವೃತ್ತಿಯಿಂದ ಹೊರಗಿಡುತ್ತದೆ ಎಂಬುದನ್ನು ನ್ಯಾಯಾಲಯ ಒಪ್ಪಿಕೊಂಡಿತು. ವೃತ್ತಿಯ ಬಾಗಿಲಿಗೆ 750 ರೂಪಾಯಿ ಸಾಕಾದರೆ, ಬರೀ ಪರೀಕ್ಷೆ ಬರೆಯುವುದಕ್ಕೆ 4,000 ಏಕೆ? ಪರಿಶಿಷ್ಟರಿಗೂ ಬಡತನದ ರೇಖೆಯ ಕೆಳಗಿರುವವರಿಗೂ ತಾವು ನಿಗದಿಪಡಿಸಿರುವುದು 3,500. ಅಂದರೆ ಬಡತನಕ್ಕೆ ತಾವು ಕಟ್ಟಿದ ಬೆಲೆ 500 ರೂಪಾಯಿ. ನನ್ನ ಕಕ್ಷಿದಾರಳ ಲೆಕ್ಕದಲ್ಲಿ ಹೇಳುವುದಾದರೆ, ನಾಲ್ಕು ಸಾವಿರವೆಂದರೆ ಅವಳು ಕೋರ್ಟಿಗೆ ಹೋಗಿ ಪಡೆಯಬೇಕಾದ ಆ ತುಟ್ಟಿಭತ್ಯೆಯ ಒಂಬತ್ತೂವರೆ ತಿಂಗಳ ಮೊತ್ತ. ಕೈಗೆ ತಿಂಗಳಿಗೆ ಹನ್ನೆರಡು ಸಾವಿರದಷ್ಟು ಬರುವ ಅವಳು ಉಣ್ಣದೆ ಉಡದೆ ಉಳಿಸಿದರೂ ಐದು ವರ್ಷದ ಶುಲ್ಕಕ್ಕೆ ಹತ್ತು ವರ್ಷಕ್ಕೂ ಮೀರಿದ ದುಡಿಮೆ ಬೇಕು. ವಿದ್ಯಾರ್ಥಿವೇತನಗಳು ಇವೆ ಎಂಬುದನ್ನು ಬಲ್ಲೆ, ಅವುಗಳನ್ನು ಕಡೆಗಣಿಸುತ್ತಿಲ್ಲ. ಆದರೆ ವಿದ್ಯಾರ್ಥಿವೇತನ ಸಿಗುವುದು ಒಳಗೆ ಬಂದವರಿಗೆ.

ಹಣ ಕೊಟ್ಟವರಿಗೆ ಸೀಟು ಎಂಬ ಪದ್ಧತಿಯನ್ನು ಕರ್ನಾಟಕ ಹೊಸದಾಗಿ ಕಾಣುತ್ತಿಲ್ಲ. 1989ರಲ್ಲಿ ಇದೇ ರಾಜ್ಯದ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಸರ್ಕಾರಿ ಸೀಟಿಗೆ 2,000, ರಾಜ್ಯದ ಇತರರಿಗೆ 25,000, ಹೊರಗಿನವರಿಗೆ 60,000 ಎಂದು ಶುಲ್ಕ ಗೊತ್ತು ಮಾಡಿದ್ದನ್ನು ಪ್ರಶ್ನಿಸಿ ಹೋದ ಮೋಹಿನಿ ಜೈನ್ ಪ್ರಕರಣದಲ್ಲೇ, 1992ರಲ್ಲಿ, ಶಿಕ್ಷಣವು ಬದುಕುವ ಹಕ್ಕಿನಿಂದಲೇ ಹುಟ್ಟುವ ಹಕ್ಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು. ಆಮೇಲಿನ ತೀರ್ಪುಗಳು ಆ ಮಾತನ್ನು ಎಷ್ಟು ಮೊಟಕು ಮಾಡಿದವು ಎಂಬುದನ್ನು ತಮ್ಮ ವಿದ್ಯಾರ್ಥಿಗಳು ನನಗಿಂತ ಚೆನ್ನಾಗಿ ಬಲ್ಲರು.

ಮೀಸಲಾತಿಯ ಬಗ್ಗೆಯೂ ಒಂದು ಮಾತು. ರಾಜ್ಯದಲ್ಲಿ ಹತ್ತು ವರ್ಷ ಓದಿದವರಿಗೆ ಬೆಂಗಳೂರಿನ ಕಾನೂನು ಶಾಲೆಯಲ್ಲಿ ಶೇ 25ರಷ್ಟು ಸ್ಥಾನ ಕೊಡುವ 2020ರ ತಿದ್ದುಪಡಿಯನ್ನು ಹೈಕೋರ್ಟು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿತು. ಆಮೇಲೆ ಶಾಲೆ ತಾನಾಗಿಯೇ ಕರ್ನಾಟಕದ ವಿದ್ಯಾರ್ಥಿಗಳಿಗೆ ಅಷ್ಟೇ ಪಾಲನ್ನು ಕೊಡಲು ಮುಂದಾಯಿತು. ಒಳ್ಳೆಯದೇ. ಆದರೆ ಇಂಗ್ಲಿಷ್ ಪರೀಕ್ಷೆಯ ಜರಡಿಯಲ್ಲಿ ಸೋಸಿದ ಮೇಲೆ ಈ ಪಾಲು ಯಾರಿಗೆ ದಕ್ಕುತ್ತದೆ? ಲಕ್ಷಗಟ್ಟಲೆ ಶುಲ್ಕದ ಶಾಲೆಯಲ್ಲಿ ಓದಿ, ಎರಡು ವರ್ಷ ಕೋಚಿಂಗ್ ಪಡೆದ ಬೆಂಗಳೂರಿನ ಹುಡುಗನೂ ಕರ್ನಾಟಕದವನೇ, ಮದ್ದೂರಿನ ಹುಡುಗಿಯೂ ಕರ್ನಾಟಕದವಳೇ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಗೆಲ್ಲುವವನು ಯಾರೆಂದು ಮೊದಲೇ ಗೊತ್ತಿರುತ್ತದೆ. ಪ್ರವೇಶ ಪಡೆದವರ ಕುಟುಂಬದ ಆದಾಯ ಮತ್ತು ಅವರು ಹತ್ತನೇ ತರಗತಿಯವರೆಗೆ ಓದಿದ ಮಾಧ್ಯಮ, ಈ ಎರಡನ್ನು ಪ್ರತಿ ವಿಶ್ವವಿದ್ಯಾಲಯವೂ ಪ್ರತಿ ವರ್ಷ ಹೆಸರಿಲ್ಲದ ಅಂಕಿಗಳಾಗಿ ಪ್ರಕಟಿಸಲಿ ಎಂದು ಕೇಳುತ್ತೇನೆ. ಇದಕ್ಕೆ ಕಾಯ್ದೆಯೂ ಬೇಡ, ಖರ್ಚೂ ಇಲ್ಲ.

ಈ ಕೊರತೆಯನ್ನು ತುಂಬಲು ಹೊರಗಿನಿಂದ ಪ್ರಯತ್ನಗಳು ನಡೆದಿವೆ. ಪ್ರಾಧ್ಯಾಪಕ ಶಮ್ನಾದ್ ಬಷೀರ್ ಅವರು 2010ರಲ್ಲಿ ಆರಂಭಿಸಿದ ಐಡಿಯಾ ಎಂಬ ಸಂಸ್ಥೆ ಬಡ ಮಕ್ಕಳನ್ನು ಹುಡುಕಿ ತರಬೇತಿ ಕೊಟ್ಟು ಕಾನೂನು ಶಾಲೆಗಳಿಗೆ ಸೇರಿಸುತ್ತ ಬಂದಿದೆ. ಅವರು 2019ರಲ್ಲಿ ನಮ್ಮ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಲ್ಲಿ ಅಕಾಲದಲ್ಲಿ ತೀರಿಕೊಂಡರು. ಏಣಿ ಹಿಡಿದು ನಿಲ್ಲುವವರು ಹೊರಗೆ ಇದ್ದಾರೆ. ಗೋಡೆಯ ಎತ್ತರವನ್ನು ತಗ್ಗಿಸುವ ಅಧಿಕಾರ ಮಾತ್ರ ಇರುವುದು ತಮಗೆ. ಕ್ಲ್ಯಾಟ್ ಅನ್ನು ಭಾರತೀಯ ಭಾಷೆಗಳಲ್ಲೂ ನಡೆಸಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2023ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂದಾಗ ಭಾರತೀಯ ವಕೀಲರ ಪರಿಷತ್ತೇ ಅದನ್ನು ಬೆಂಬಲಿಸಿತ್ತು ಎಂಬುದನ್ನು ಇಲ್ಲಿ ನೆನಪಿಸುತ್ತೇನೆ.

ಅನುವಾದದ ತೊಡಕನ್ನು ತಾವು ಮುಂದಿಟ್ಟರೆ ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕನ್ನಡಿಗರಾದ ನಮಗೇ ಅದರ ಪೆಟ್ಟು ಬಿದ್ದಿದೆ. ಕರ್ನಾಟಕ ಲೋಕಸೇವಾ ಆಯೋಗವು 2024ರ ಆಗಸ್ಟ್‌ನಲ್ಲಿ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಎಷ್ಟು ಕೆಟ್ಟದಾಗಿದ್ದವೆಂದರೆ ಡಿಸೆಂಬರ್‌ನಲ್ಲಿ ಮರುಪರೀಕ್ಷೆ ಮಾಡಬೇಕಾಯಿತು, ಮತ್ತು ಆ ಮರುಪರೀಕ್ಷೆಯಲ್ಲೂ ತಪ್ಪುಗಳಿದ್ದವು. ಆದ್ದರಿಂದ ಇಂಗ್ಲಿಷ್ ಗದ್ಯವನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿ ಕೈ ತೊಳೆದುಕೊಳ್ಳಿ ಎಂದು ನಾನು ಬೇಡುತ್ತಿಲ್ಲ. ಕನ್ನಡದಲ್ಲಿ ಬರೆಯಬಲ್ಲ ವಕೀಲರು, ನಿವೃತ್ತ ನ್ಯಾಯಾಧೀಶರು, ಕಾನೂನು ಬೋಧಕರು ರಾಜ್ಯದಲ್ಲಿ ಸಾಕಷ್ಟಿದ್ದಾರೆ. ಪ್ರಶ್ನೆಗಳನ್ನು ಅವರು ಕನ್ನಡದಲ್ಲೇ ರಚಿಸಲಿ, ಅಥವಾ ಅನುವಾದವಾದರೆ ಮೂಲ ನೋಡದ ಇನ್ನೊಬ್ಬರು ಬರೀ ಕನ್ನಡವನ್ನು ಓದಿ ಉತ್ತರಿಸಿ ಪರೀಕ್ಷಿಸಲಿ. ಗೇಣಿ, ಭೋಗ್ಯ, ಜಾಮೀನು, ವಕಾಲತ್ತು, ತಕರಾರು, ಅಮಲ್ಜಾರಿ ಎಂಬ ಮಾತುಗಳನ್ನು ನಮ್ಮ ಜನ ಕೋರ್ಟಿನ ಅಂಗಳದಲ್ಲಿ ತಲೆಮಾರುಗಳಿಂದ ಆಡುತ್ತ ಬಂದಿದ್ದಾರೆ. ಕಾನೂನನ್ನು ಹೇಳಲು ಕನ್ನಡಕ್ಕೆ ಶಬ್ದಗಳಿಲ್ಲವೆಂದು ಹೇಳುವವರು ಕೋರ್ಟಿನ ಕ್ಯಾಂಟೀನಿನಲ್ಲಿ ಒಂದು ಗಂಟೆ ಕುಳಿತು ಕಿವಿಗೊಡಬೇಕು.

ಒಮ್ಮೆಗೇ ಎಲ್ಲ ಭಾಷೆಗಳಿಗೂ ಆಗದಿದ್ದರೆ ಕೆಲವು ಭಾಷೆಗಳಿಂದ ಆರಂಭವಾಗಲಿ. ಆ ದಾರಿಯಲ್ಲಿ ಬಂದ ವಿದ್ಯಾರ್ಥಿಗಳಿಗೆ ಮೊದಲ ವರ್ಷ ಪಾಠಗಳ ಜೊತೆಗೆ ಇಂಗ್ಲಿಷಿನ ವಿಶೇಷ ತರಗತಿ ನಡೆಯಲಿ. ಬಡತನದ ರೇಖೆಯ ಕೆಳಗಿನವರಿಗೆ ಅರ್ಜಿ ಶುಲ್ಕ ಪೂರ್ತಿ ರದ್ದಾಗಲಿ. ಕಾರ್ಮಿಕ ನ್ಯಾಯಮಂಡಳಿ, ತಾಲ್ಲೂಕು ನ್ಯಾಯಾಲಯಗಳಲ್ಲಿ ಪದವಿಯ ನಂತರ ಇಂತಿಷ್ಟು ವರ್ಷ ಕೆಲಸ ಮಾಡುವವರ ಶಿಕ್ಷಣ ಸಾಲವನ್ನು ತೀರಿಸಲು ಒಂದು ನಿಧಿಯನ್ನು ವಿಶ್ವವಿದ್ಯಾಲಯಗಳು ಕಟ್ಟಲಿ. ಕ್ಯಾಂಪಸ್ಸಿಗೆ ಬಂದು ನುರಿತ ಮಕ್ಕಳನ್ನು ಆರಿಸಿಕೊಂಡು ಹೋಗುವ ದೊಡ್ಡ ಸಂಸ್ಥೆಗಳಿಂದ ಅದಕ್ಕೆ ವಂತಿಗೆ ಕೇಳುವುದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ.

ಆ ಹುಡುಗಿ ಸದ್ಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ, ಮುಗಿಸಿ ಮೂರು ವರ್ಷದ ಕಾನೂನು ಪದವಿಗೆ ಸೇರುವ ಯೋಚನೆಯಲ್ಲಿದ್ದಾಳೆ. ಅವಳು ವಕೀಲಳಾಗುತ್ತಾಳೆ, ಅದರಲ್ಲಿ ನನಗೆ ಅನುಮಾನವಿಲ್ಲ. ನಾನು ಬಂದ ದಾರಿಯಲ್ಲೇ ಬರುತ್ತಾಳೆ, ನಾನು ಕಳೆದ ವರ್ಷಗಳನ್ನೇ ಕಳೆದುಕೊಳ್ಳುತ್ತಾಳೆ. ಇಪ್ಪತ್ತೆಂಟು ವರ್ಷಗಳಲ್ಲಿ ದಾರಿ ಒಂದಿಷ್ಟಾದರೂ ಹತ್ತಿರವಾಗಬೇಕಿತ್ತು ಎಂಬುದಷ್ಟೇ ನನ್ನ ದೂರು.

ತಾವು ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ದಯವಿಟ್ಟು ಅದರ ಒಂದು ಪ್ರತಿ ಕನ್ನಡದಲ್ಲಿರಲಿ. ಇಂಗ್ಲಿಷಿನಲ್ಲಿ ಬಂದರೆ ನಾನು ಓದಿಕೊಳ್ಳಬಲ್ಲೆ, ಆದರೆ ಭಾನುವಾರ ಜಗುಲಿಗೆ ಬರುವ ಅವಳ ತಾಯಿಗೆ ನಾನೇ ಮತ್ತೆ ಸಾಲುಸಾಲಾಗಿ ಹೇಳಬೇಕಾಗುತ್ತದೆ.

ಇಂತು ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಕಾರ್ಮಿಕ ವಕೀಲ